ತೇಲುವ ಮೇಫ್ಲೈ: ಆಡಮ್ಸ್, ಪ್ಯಾರಾಶೂಟ್, ಕಾಂಪರಾಡನ್, ಯಾವುದು ಕಟ್ಟುವುದು?

ಟ್ರೌಟ್ ಮೀನು ಹಿಡಿಯಲು ಗಾಳಕ್ಕೆ ಗರಿ, ರೋಮ ಕಟ್ಟಿ ಮಾಡುವ ಹುಸಿ ಹುಳುಗಳೇ ಫ್ಲೈಗಳು. ಮೇಫ್ಲೈ ಎಂಬ ನೀರಿನ ಹುಳುವಿನಂತೆ ಕಾಣುವ ಮೂರು ಬಗೆ ಇವು. ಮೊದಲು ನಿಮ್ಮ ಹೊಳೆ ಹೇಗೆ ಹರಿಯುತ್ತದೆ ನೋಡಿ. ನೊರೆಯೆದ್ದು ಓಡುವ ನೀರಿಗೆ 1922ರಲ್ಲಿ ಮಿಶಿಗನ್‌ನಲ್ಲಿ ಹುಟ್ಟಿದ ಆಡಮ್ಸ್ ಒಳ್ಳೆಯದು. ಗಾಳದ ಸುತ್ತ ಸುತ್ತಿದ ಹುಂಜದ ಗರಿ ಅದನ್ನು ಎತ್ತಿ ಹಿಡಿಯುತ್ತದೆ. ಪ್ಯಾರಾಶೂಟ್‌ನಲ್ಲಿ ಗರಿ ಬಿಳಿ ರೋಮದ ಕಂಬದ ಸುತ್ತ ಅಡ್ಡಲಾಗಿ ಕೂರುವುದರಿಂದ ಮೈ ನೀರಿಗೆ ತಾಗುತ್ತದೆ, ಮುಸ್ಸಂಜೆಯಲ್ಲೂ ಕಂಬ ಕಣ್ಣಿಗೆ ಬೀಳುತ್ತದೆ. ನಿಂತಂತಿರುವ ತಿಳಿನೀರಿನ ಅನುಮಾನದ ಟ್ರೌಟ್‌ಗೆ, ಜಿಂಕೆ ರೋಮವನ್ನು ಬೀಸಣಿಗೆಯಂತೆ ಹರಡಿ ರೆಕ್ಕೆ ಮಾಡುವ ಕಾಂಪರಾಡನ್ನೇ ಸರಿ.

ಖರ್ಚಿನಲ್ಲಿ ಅಂತರ ದೊಡ್ಡದು. ಒಳ್ಳೆಯ ಹುಂಜದ ಗರಿ ದುಬಾರಿ. ಕಾಂಪರಾಡನ್‌ಗೆ ಅದು ಬೇಡ, ಅಂಗೈಯಗಲದ ಜಿಂಕೆ ಚರ್ಮದ ತುಂಡಿನಲ್ಲಿ ಹತ್ತಾರು ಕಟ್ಟಬಹುದು. ಬಾಳಿಕೆಯೂ ಅದರದೇ ಹೆಚ್ಚು: ಮೀನಿನ ಹಲ್ಲಿಗೆ ಗರಿಯ ದಂಟು ತುಂಡಾದರೆ ಸುತ್ತೆಲ್ಲ ಬಿಚ್ಚಿಕೊಳ್ಳುತ್ತದೆ.

ಕೈಗೆ ಕಷ್ಟ ಕೊಡುವುದು ಪ್ಯಾರಾಶೂಟ್. ಕಂಬದ ಬುಡಕ್ಕೆ ದಾರ ಸುತ್ತಿ ಗಟ್ಟಿಮಾಡದಿದ್ದರೆ ಗರಿ ಜಾರಿ ಮೇಲಿಂದ ಕಳಚುತ್ತದೆ. ಗರಿಗೆ ನಾಲ್ಕೈದು ಸುತ್ತು ಸಾಕು, ಪ್ರತಿಯೊಂದೂ ಹಿಂದಿನದರ ಕೆಳಗೆ ಬರಲಿ. ಕಾಂಪರಾಡನ್‌ನಲ್ಲಿ ಕೆಡುವುದು ರೋಮ ಹೆಚ್ಚಾದಾಗ. 16ನೇ ನಂಬರ್ ಗಾಳಕ್ಕೆ, ಬಿಗಿಯಾಗಿ ಹಿಡಿದಾಗ ಬೆಂಕಿಕಡ್ಡಿ ದಪ್ಪವಿರುವಷ್ಟೇ ಸಾಕು. ಬುಡದ ನಯವಾದ ಉಣ್ಣೆಯನ್ನು ಬಾಚಿ ತೆಗೆಯಿರಿ, ಉಳಿದರೆ ನೀರು ಹೀರುತ್ತದೆ. ಬಾಲದ ಎಳೆಗಳನ್ನು ಎರಡೂ ಬದಿಗೆ ಬಿಡಿಸಿ. ಒಂದೆಡೆ ಕೂಡಿದರೆ ಫ್ಲೈ ಮಗುಚಿ ಬೀಳುತ್ತದೆ.