ಹಳೇ ಡೀಸೆಲ್ ವ್ಯಾನಿಗೆ ಪ್ರೈಮರ್ ಬಲ್ಬ್: ಏರ್ ತೆಗೆಯಲು ಸೈ, ಏರ್ ತಡೆಯಲು ಅಲ್ಲ

ಡೀಸೆಲ್ ಫಿಲ್ಟರ್ ಬದಲಾಯಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದೆ, ಬ್ಯಾಟರಿ ಸೊರಗುವವರೆಗೂ ಸೆಲ್ಫ್ ಹೊಡೆದವರಿಗೆ ಈ ಬಲ್ಬ್ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ಇದು ಡೀಸೆಲ್ ಲೈನಿಗೆ ಸೇರಿದ ಗಾಳಿಯನ್ನು ಹೊರಗೆ ತಳ್ಳಲು ಬಳಸುವ, ಅಂಗೈಯಲ್ಲಿ ಹಿಡಿಸುವ ರಬ್ಬರ್ ಉಂಡೆ. ಬಿಪಿ ನೋಡುವಾಗ ಡಾಕ್ಟರು ಒತ್ತುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಥರ. ಎರಡೂ ತುದಿಗೆ ಪೈಪ್ ಸಿಕ್ಕಿಸುವ ಮೂತಿ, ಒಳಗೆ ಎರಡು ಒನ್‌ವೇ ವಾಲ್ವ್. ಒತ್ತಿದರೆ ಡೀಸೆಲ್ ಮುಂದಕ್ಕೆ ಹೋಗುತ್ತದೆ. ಬಿಟ್ಟರೆ ಟ್ಯಾಂಕಿನಿಂದ ಇನ್ನಷ್ಟು ಬರುತ್ತದೆ. ದೋಣಿ ಎಂಜಿನ್‌ಗಳಿಗೆ ಇದನ್ನು ಮೊದಲಿನಿಂದಲೂ ಹಾಕುತ್ತಾರೆ. ನಾನು ನನ್ನ ವ್ಯಾನಿಗೆ ಹಾಕಿದೆ.

ನನ್ನದು ರೋಟರಿ ಪಂಪ್ (ತಿರುಗುತ್ತಾ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ಪಂಪ್) ಇರುವ ಹಳೇ ಎಂಜಿನ್. ಟ್ಯಾಂಕಿನೊಳಗೆ ಕರೆಂಟಿನ ಪಂಪ್ ಇಲ್ಲ. ಎಂಜಿನ್ ಪಕ್ಕದ ಪಂಪೇ ಅಷ್ಟು ದೂರದಿಂದ ಡೀಸೆಲ್ ಎಳೆದುಕೊಳ್ಳಬೇಕು. ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಇಡೀ ಲೈನ್ ಹೀರುವ ಲೈನ್. ಅಲ್ಲಿ ಸಣ್ಣ ಸಂದು ಇದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಕೆಳಗೆ ತೂರಿ ನೋಡಿದ ಮೆಕ್ಯಾನಿಕ್ 'ಲೀಕ್ ಏನಿಲ್ಲ' ಅಂತ ಕೈ ಒರೆಸಿಕೊಂಡು ಎದ್ದುಬಿಡುತ್ತಾನೆ. ರಾತ್ರಿಯೆಲ್ಲ ಗಾಡಿ ನಿಂತಾಗ ಆ ಸಂದಿನಿಂದ ಗಾಳಿ ಸೇರಿ, ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಮೂತಿ ಮೇಲೆ ಮಾಡಿ ಏರಿನಲ್ಲಿ ನಿಲ್ಲಿಸಿದ್ದರಂತೂ ಇನ್ನೂ ಬೇಗ. ಬೆಳಗ್ಗೆ ಸ್ಟಾರ್ಟ್ ಆಗುತ್ತದೆ, ಎರಡು ಸಲ ಗೊಣಗುತ್ತದೆ, ನಿಲ್ಲುತ್ತದೆ.

ಗಾಳಿ ಅಂದರೆ ಡೀಸೆಲ್ ಎಂಜಿನ್‌ಗೆ ಯಾಕಿಷ್ಟು ಕಷ್ಟ? ಹಳೇ ಎಂಜಿನ್‌ಗಳಲ್ಲೂ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ತೆರೆಯಲು 100 ಬಾರ್‌ಗಿಂತ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಜಾಸ್ತಿ ಒತ್ತಡ ಬೇಕು. ಡೀಸೆಲ್ ಹಿಂಡಿದರೆ ಹೆಚ್ಚು ಕುಗ್ಗುವುದಿಲ್ಲ, ಆದ್ದರಿಂದ ಆ ಒತ್ತಡ ನೇರವಾಗಿ ನಾಜಲ್‌ಗೆ ತಲುಪುತ್ತದೆ. ನಡುವೆ ಗಾಳಿ ಗುಳ್ಳೆ ಇದ್ದರೆ ಪಂಪಿನ ಶಕ್ತಿಯೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ.

ನನ್ನ ವ್ಯಾನಿನ ಫಿಲ್ಟರ್ ಮೇಲೆ ಕಂಪನಿಯೇ ಕೊಟ್ಟ ಒತ್ತುವ ಗುಂಡಿ ಇತ್ತು. ಒಳಗಿನ ರಬ್ಬರ್ ಪೊರೆ ವಯಸ್ಸಾಗಿ ಬಿರುಕು ಬಿಟ್ಟಿತ್ತು. ಒತ್ತಿದರೆ ಡೀಸೆಲ್ ಹೋಗುತ್ತಿರಲಿಲ್ಲ, ಸಾಲದ್ದಕ್ಕೆ ಗಾಳಿಗೆ ಅದೇ ಬಾಗಿಲು. ಗುಂಡಿ ಇಲ್ಲದ ಸಾದಾ ಫಿಲ್ಟರ್ ಹೆಡ್ ಹಾಕಿ, ಟ್ಯಾಂಕ್ ಮತ್ತು ಫಿಲ್ಟರ್ ನಡುವೆ ಬಲ್ಬ್ ಸೇರಿಸಿದೆ. ಕೈಗೆ ಸುಲಭವಾಗಿ ಸಿಗುವ ಜಾಗ ನಾವೇ ಆರಿಸಿಕೊಳ್ಳಬಹುದು. ಆ ಗುಂಡಿಯನ್ನು ಎರಡು ಬೆರಳಿನಲ್ಲಿ ಒತ್ತಿ ಒತ್ತಿ ಸೋತವನಿಗೆ ಇದೇ ದೊಡ್ಡ ಸುಖ.

ಕೆಲಸ ಹೇಗೆ ಮಾಡುತ್ತದೆ ಅಂದರೆ, ತುಂಬಾ ಚೆನ್ನಾಗಿ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಸುತ್ತ ಬಟ್ಟೆ ಇಟ್ಟು ಒತ್ತುತ್ತಾ ಹೋಗಬೇಕು. ಮೊದಲು ಬುಸ್ ಅನ್ನುತ್ತದೆ. ಆಮೇಲೆ ನೊರೆ. ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ಬರೀ ಡೀಸೆಲ್. ಬಲ್ಬ್ ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿ ಮಾಡಿಬಿಡಬೇಕು. ಒಂದು ಕೈಯಲ್ಲಿ ಬಲ್ಬ್, ಇನ್ನೊಂದರಲ್ಲಿ ಸ್ಪ್ಯಾನರ್, ಸಹಾಯಕ್ಕೆ ಯಾರನ್ನೂ ಕರೆಯಬೇಕಿಲ್ಲ. ಪಂಪಿಗೂ ಏರ್ ಸ್ಕ್ರೂ ಇದ್ದರೆ ಅಲ್ಲೂ ಹೀಗೇ ಮಾಡಬೇಕು. ಬಲ್ಬ್ ಕೈಯಲ್ಲಿ ಗಟ್ಟಿಯಾದರೆ ಲೈನ್ ತುಂಬಿತು ಅಂತ ಅರ್ಥ. ಆಮೇಲೆ ನಿಧಾನಕ್ಕೆ ಮೆತ್ತಗಾದರೆ ಗಾಬರಿ ಬೇಡ, ಪಂಪಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ದಾರಿಯಲ್ಲಿ ಸ್ವಲ್ಪ ಹೋಗುತ್ತದೆ.

ಪಂಪ್ ದಾಟಿದ ಮೇಲೆ ಬಲ್ಬಿನ ಆಟ ನಡೆಯುವುದಿಲ್ಲ. ನಾಜಲ್ ಪೈಪಿನಲ್ಲಿ ಗಾಳಿ ಉಳಿದಿದ್ದರೆ ನಾಜಲ್ ಕಡೆಯ ನಟ್ಟು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಲೇಬೇಕು. ಒಂದು ಸಲಕ್ಕೆ 10-15 ಸೆಕೆಂಡ್ ಸಾಕು, ನಡುವೆ ಸ್ಟಾರ್ಟರ್ ಮೋಟರ್‌ಗೆ ಉಸಿರಾಡಲು ಬಿಡಿ. ಆಗ ಕೈ, ಮುಖ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮ ಕೊರೆದು ಒಳಗೆ ಹೋಗಬಲ್ಲದು. ಗಾಯ ಸೂಜಿ ಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಇನ್ನು, ನಟ್ಟು ಸಡಿಲಿಸಿದರೂ ಹನಿಯೇ ಬರದಿದ್ದರೆ ಸುಮ್ನೆ ಬಲ್ಬಿಗೆ ಬೈಯಬೇಡಿ. ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್‌ಗೆ (ಡೀಸೆಲ್ ಬಿಡುವ, ನಿಲ್ಲಿಸುವ ಕರೆಂಟಿನ ವಾಲ್ವ್) ಕರೆಂಟ್ ಬರುತ್ತಿದೆಯಾ ನೋಡಿ. ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು.

ಇಷ್ಟಕ್ಕೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಈ ಬಲ್ಬ್ ಲೀಕ್ ಹುಡುಕಿಕೊಡುತ್ತದೆ, ನನಗೆ ಅದೇ ಜಾಸ್ತಿ ಉಪಯೋಗಕ್ಕೆ ಬಂತು. ಹೀರುವ ಲೈನಿನಲ್ಲಿ ಸಂದು ಕಾಣುವುದಿಲ್ಲ ಅಂದೆನಲ್ಲ? ಬಲ್ಬ್ ಗಟ್ಟಿಯಾಗಿ ಒತ್ತಿದಾಗ, ಬಲ್ಬಿನಿಂದ ಮುಂದಿನ ಲೈನಿನಲ್ಲಿ ಒತ್ತಡ ಉಲ್ಟಾ ಆಗುತ್ತದೆ. ಗಾಳಿ ಒಳಗೆ ಹೋಗುತ್ತಿದ್ದ ಜಾಗದಿಂದ ಡೀಸೆಲ್ ಹೊರಗೆ ಬರುತ್ತದೆ. ಎಲ್ಲ ಜಾಯಿಂಟ್ ಒರೆಸಿ ಒಣಗಿಸಿ, ಬಲ್ಬ್ ಒತ್ತುತ್ತಾ ಟಾರ್ಚ್ ಹಿಡಿದು ನೋಡಿ. ನನ್ನ ವ್ಯಾನಿನಲ್ಲಿ ಫಿಲ್ಟರ್ ತಳದಲ್ಲಿ ನೀರು ಬಿಡುವ ಸ್ಕ್ರೂ ಇದೆಯಲ್ಲ, ಅದರ ಸೀಲ್ ಸುತ್ತ ಒದ್ದೆ ಕಾಣಿಸಿತು. ಎಷ್ಟೋ ಜನ ಹೋಸ್‌ಗಳನ್ನೆಲ್ಲ ಬದಲಾಯಿಸುತ್ತಾರೆ, ಈ ಚಿಕ್ಕ ಸೀಲ್ ಕಡೆ ನೋಡುವುದೇ ಇಲ್ಲ.

ಬಲ್ಬಿನಿಂದ ಟ್ಯಾಂಕಿನವರೆಗಿನ ಭಾಗಕ್ಕೆ ಈ ಉಪಾಯ ನಡೆಯದು, ಅಲ್ಲಿ ಬಲ್ಬ್ ಕೂಡ ಹೀರುವುದೇ. ಅದಕ್ಕೆ ಬೇರೆ ದಾರಿ ಇದೆ. ಬಲ್ಬಿನ ಟ್ಯಾಂಕ್ ಕಡೆಯ ಹೋಸ್ ಬಿಚ್ಚಿ, ಒಂದು ತುಂಡು ಹೋಸನ್ನು ಶುದ್ಧ ಡೀಸೆಲ್ ಇರುವ ಕ್ಯಾನಿಗೆ ಇಳಿಬಿಡಿ. ಗಾಡಿ ನಿಂತಲ್ಲೇ ಎಂಜಿನ್ ಸರಿಯಾಗಿ ಓಡಿದರೆ ತೊಂದರೆ ಟ್ಯಾಂಕಿನ ಲೈನಿನದು. ಫಿಲ್ಟರ್ ಆದ ಮೇಲೆ ಒಂದು ಗೇಣು ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಬಿಡಿ. ಸಾದಾ ಪಿವಿಸಿ ಹೋಸ್ ಡೀಸೆಲ್‌ಗೂ ಎಂಜಿನ್ ಬಿಸಿಗೂ ಗಟ್ಟಿಯಾಗಿ ತಾನೇ ಲೀಕ್ ಆಗುತ್ತದೆ.

ಈಗ ದೂರು. ಈ ಬಲ್ಬ್ ರೋಗ ಮುಚ್ಚಿಡುತ್ತದೆ. ಒನ್‌ವೇ ವಾಲ್ವ್ ಇರುವುದರಿಂದ ರಾತ್ರಿ ಡೀಸೆಲ್ ಹಿಂದಕ್ಕೆ ಇಳಿಯುವುದಿಲ್ಲ, ಬೆಳಗ್ಗೆ ಗಾಡಿ ಚಕ್ಕನೆ ಸ್ಟಾರ್ಟ್ ಆಗುತ್ತದೆ. 'ಸರಿಹೋಯ್ತು' ಅಂತ ಬಿಟ್ಟರೆ ಸಂದು ಹಾಗೇ ಇರುತ್ತದೆ. ಓಡುವಾಗ ಗಾಳಿ ಎಳೆಯುತ್ತಲೇ ಇರುತ್ತದೆ, ಏರು ಹತ್ತುವಾಗ ಎಳೆತ ಕಮ್ಮಿ ಆಗುತ್ತದೆ. ದಿನಾ ಬೆಳಗ್ಗೆ ಬಲ್ಬ್ ಒತ್ತಿ ಗಾಡಿ ತೆಗೆಯುವವರನ್ನೂ ನೋಡಿದ್ದೇನೆ. ಅದು ರಿಪೇರಿ ಅಲ್ಲ, ವ್ಯಾಯಾಮ.

ಎರಡನೇ ದೂರು, ಜೊತೆಗೆ ಕೊಡುವ ಕ್ಲಿಪ್‌ಗಳದ್ದು. ತೆಳ್ಳಗಿನ ತಗಡು, ಬಿಗಿ ಮಾಡಿದರೆ ಹೋಸನ್ನೇ ಕಚ್ಚುತ್ತವೆ. ಅವನ್ನು ಎಸೆದು, ಹೋಸ್ ಸುತ್ತ ಪೂರ್ತಿ ಸಮವಾಗಿ ಅಮರುವ ಫ್ಯೂಯಲ್ ಹೋಸ್ ಕ್ಲಿಪ್ ಹಾಕಿದೆ. ಬಲ್ಬ್ ಹಾಕಿದ ಮೇಲೆ ಹೀರುವ ಲೈನಿನಲ್ಲಿ ಎರಡು ಹೊಸ ಜಾಯಿಂಟ್ ಸೇರಿದವು ಅನ್ನುವುದನ್ನು ಮರೆಯುವಂತಿಲ್ಲ, ಅಲ್ವಾ? ಬಲ್ಬಿನ ಮೇಲಿನ ಬಾಣದ ಗುರುತೂ ಮಾಸಲು. ಬಾಣ ಫಿಲ್ಟರ್ ಕಡೆಗಿರಬೇಕು. ಒತ್ತುವಾಗ ಬಾಣ ಮೇಲ್ಮುಖವಾಗಿ ನೆಟ್ಟಗೆ ಹಿಡಿದರೆ ವಾಲ್ವ್ ಸರಿಯಾಗಿ ಕೂರುತ್ತದೆ, ಅಡ್ಡ ಮಲಗಿಸಿದರೆ ಕೆಲವು ಬಲ್ಬ್‌ಗಳು ಬರೀ ಗಾಳಿ ನುಂಗುತ್ತವೆ. ಸೈಲೆನ್ಸರ್ ಪೈಪಿನ ಹತ್ತಿರವಂತೂ ಬೇಡವೇ ಬೇಡ.

ಎಲ್ಲರಿಗೂ ಇದು ಬೇಕಿಲ್ಲ. ಇನ್‌ಲೈನ್ ಪಂಪ್ (ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಒತ್ತುವ ಭಾಗ ಸಾಲಾಗಿರುವ ಪಂಪ್) ಇರುವ ಎಂಜಿನ್‌ಗೆ ಸಾಮಾನ್ಯವಾಗಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಮೇಲೆಯೇ ಕೈಯಲ್ಲಿ ಒತ್ತುವ ಹ್ಯಾಂಡ್ ಪಂಪ್ ಇರುತ್ತದೆ. ಅದು ಕೆಲಸ ಮಾಡುತ್ತಿದ್ದರೆ ಈ ಖರ್ಚು ದಂಡ. ಕಾಮನ್ ರೈಲ್ ಎಂಜಿನ್ (ಎಲ್ಲ ನಾಜಲ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಹೊಸ ಥರದ್ದು) ಇರುವವರು ನಾನು ಮೇಲೆ ಹೇಳಿದ ನಟ್ಟು ಸಡಿಲಿಸುವ ಕೆಲಸಕ್ಕೆ ಕೈ ಹಾಕಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಅದಕ್ಕೆ ಆ ಗಾಡಿಯ ಕೈಪಿಡಿ ಹೇಳಿದ ಕ್ರಮವೇ ಸರಿ.

ಕೊಳ್ಳುವವರು ನಿಮ್ಮ ಹೋಸಿನ ಒಳ ಅಳತೆ ಮೊದಲು ನೋಡಿಕೊಳ್ಳಿ. 6, 8, 10 ಮಿಮೀ ಸಿಗುತ್ತವೆ. ದೊಡ್ಡ ಮೂತಿಗೆ ಸಣ್ಣ ಹೋಸ್ ಎಳೆದು ಕೂರಿಸಿದರೆ ಅದು ಬೇಗ ಸೀಳುತ್ತದೆ. ಡೀಸೆಲ್ ತಡೆಯುವ ನೈಟ್ರೈಲ್ ರಬ್ಬರ್ ಆಗಿರಲಿ, ಬಯೋಡೀಸೆಲ್ ಜಾಸ್ತಿ ಬಳಸುವವರಿಗೆ ವೈಟಾನ್ ಅನ್ನುವ ಇನ್ನೊಂದು ಬಗೆಯ ರಬ್ಬರ್ ಒಳ್ಳೆಯದು. ಕೈಗೆ ತೆಗೆದುಕೊಂಡ ತಕ್ಷಣ ಬಾಣದ ಎದುರು ದಿಕ್ಕಿನಿಂದ ಊದಿ ನೋಡಿ. ಗಾಳಿ ಸ್ವಲ್ಪ ಹೋದರೂ ಬೇರೆ ಬಲ್ಬ್ ಕೇಳಿ.