ಮರದ ಹೊಟ್ಟು, ತೆಂಗಿನ ನಾರು, ಸೊಳ್ಳೆ ಬ್ಯಾಟು: ಪುಟ್ಟ ರೈಲಿಗೆ ಯಾವ ಹುಲ್ಲು?

ನನ್ನ ಪುಟ್ಟ ರೈಲು ಓಡುವುದು ತುಮಕೂರಿನಿಂದ ಅರಸೀಕೆರೆ ಕಡೆ ಹೋಗುವ ಹಾದಿಯ ಬಯಲಲ್ಲಿ. ಅಂದರೆ ನಮ್ಮ ಮಹಡಿ ರೂಮಿನ ಐದಡಿ ಥರ್ಮಾಕೋಲ್ ಮೇಲೆ. ಎಚ್‌ಒ ಅಳತೆ, ನಿಜದ್ದರ 87ರಲ್ಲಿ ಒಂದು ಪಾಲು. ಹಳಿ, ಸಿಗ್ನಲ್ಲು ಬೇಗ ಮುಗಿದವು. ಹುಲ್ಲನ್ನು ಮಾತ್ರ ಎರಡು ಸಲ ಕಿತ್ತು ಹಾಕಿದೆ.

ಮೊದಲು ಮರದ ಹೊಟ್ಟು. ಸಾಮಿಲ್‌ನಲ್ಲಿ ಸುಮ್ನೆ ಒಂದು ಚೀಲ ಕೊಟ್ಟರು. ಜರಡಿ ಹಿಡಿದು, ಪೋಸ್ಟರ್ ಕಲರ್ ಕಲಸಿ, ಒಣಗಿಸಿ, ಫೆವಿಕಾಲ್ ಮೇಲೆ ಉದುರಿಸಿದೆ. ದೂರಕ್ಕೆ ಪರವಾಗಿಲ್ಲ. ಬಗ್ಗಿ ನೋಡಿದರೆ ಹಸಿರು ರವೆ ಚೆಲ್ಲಿದ ಹಾಗಿತ್ತು. ಒಂದು ಮಿಲಿಮೀಟರ್ ಕಾಳು ಈ ಅಳತೆಯಲ್ಲಿ ಸುಮಾರು 9 ಸೆಂಟಿಮೀಟರ್ ಆಗುತ್ತದೆ, ಅದು ಹುಲ್ಲಲ್ಲ, ಜಲ್ಲಿಕಲ್ಲು ಅಲ್ವಾ?

ಆಮೇಲೆ ತೆಂಗಿನ ನಾರು. ನಮ್ಮ ಕಡೆ ಇದಕ್ಕೆ ದುಡ್ಡು ಕೊಟ್ಟರೆ ನಗುತ್ತಾರೆ. ಸಣ್ಣಗೆ ಕತ್ತರಿಸಿ ಒಂದು ಸಂಜೆಯೆಲ್ಲಾ ಚುಚ್ಚಿದೆ, ಬೆನ್ನು ಹಿಡಿದುಕೊಂಡಿತು, ಕೊನೆಗೆ ನೋಡಿದರೆ ಕಬ್ಬಿನ ಕೂಳೆ ಹೊಲ! ಎಳೆ ತೀರಾ ದಪ್ಪ. ಆದರೆ ಎರಡು ಸೆಂಟಿಮೀಟರ್ ಉದ್ದದ ಕಂತೆ ಕಟ್ಟಿ ಮೋರಿ ಪಕ್ಕ ನೆಟ್ಟಿದ್ದು ಥೇಟ್ ಬಾದೆ ಹುಲ್ಲು. ಅದನ್ನು ಮಾತ್ರ ಕೀಳಲಿಲ್ಲ.

ಗೆದ್ದಿದ್ದು ಸೊಳ್ಳೆ ಬ್ಯಾಟು. ಬಲೆ ಬಿಚ್ಚಿ, ಒಂದು ತಂತಿಯನ್ನು ಸ್ಟೀಲ್ ಟೀ ಜರಡಿಗೆ, ಇನ್ನೊಂದನ್ನು ಮೊಳೆಗೆ ಬೆಸುಗೆ ಹಾಕಿದೆ (ಜರಡಿ ಅಮ್ಮನದು, ಇನ್ನೂ ಮಾತು ಕೇಳುತ್ತಿದ್ದೇನೆ). ನೀರು ಬೆರೆಸಿದ ಫೆವಿಕಾಲ್ ಹಸಿಯಾಗಿರುವಾಗಲೇ ಮೊಳೆ ಅದರಲ್ಲಿ ಚುಚ್ಚಿರಬೇಕು, ಯಾಕೆಂದರೆ ಥರ್ಮಾಕೋಲ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಜರಡಿಗೆ ಪುಟ್ಟ ಹುಲ್ಲಿಗೆಂದೇ ಪ್ಯಾಕೆಟ್ಟಿನಲ್ಲಿ ಸಿಗುವ ನೈಲಾನ್ ಎಳೆ ತುಂಬಿ, ಅಂಗುಲ ಮೇಲೆ ಹಿಡಿದು, ಬಟನ್ ಒತ್ತಿ ಅಲ್ಲಾಡಿಸಿದರೆ ಒಂದೊಂದು ಎಳೆಯೂ ಮೈ ಜುಮ್ಮೆಂದ ರೋಮದ ಹಾಗೆ ನೆಟ್ಟಗೆ ನಿಲ್ಲುತ್ತದೆ. ನಾನು 4 ಮಿಲಿಮೀಟರ್ ಎಳೆ ಹಾಕಿದ್ದು, ಅಂದರೆ ಒಂದಡಿಗಿಂತ ಸ್ವಲ್ಪ ಜಾಸ್ತಿ ಎತ್ತರದ ಹುಲ್ಲು. ಹುಷಾರು, ಬಟನ್ ಬಿಟ್ಟ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟು ಉಳಿದಿರುತ್ತದೆ. ಮೊಳೆಯ ತಲೆಗೆ ಜರಡಿ ಮುಟ್ಟಿಸಿ ಖಾಲಿ ಮಾಡಿಯೇ ಕೈ ಹಾಕಿ. ನಾನು ಒಂದು ಸಲ ಮರೆತು ಕುರ್ಚಿಯಿಂದ ಎದ್ದು ಬಿದ್ದೆ.

ಇಷ್ಟಾದರೂ ಮೊದಲ ಸಲ ನಮ್ಮೂರಿನಂತೆ ಕಾಣಲಿಲ್ಲ. ಪ್ಯಾಕೆಟ್ಟಿನ ಹಸಿರು ಕ್ರಿಕೆಟ್ ಮೈದಾನದ್ದು. ಮಾರ್ಚ್‌ನಲ್ಲಿ ಗುಬ್ಬಿ ಕಡೆ ರೈಲಿನ ಕಿಟಕಿಯಿಂದ ನೋಡಿ, ಒಣಹುಲ್ಲಿನ ಬಣ್ಣವೇ ಜಾಸ್ತಿ, ನಡುನಡುವೆ ಮಂಕು ಹಸಿರು. ಹಾಗಾಗಿ ಒಣ ಬಣ್ಣದ್ದು ಎರಡು ಪಾಲು, ಹಸಿರು ಒಂದು ಪಾಲು ಬೆರೆಸಿದೆ. ಅಡಿಯಲ್ಲಿ ಕೆಮ್ಮಣ್ಣಿನ ಬಣ್ಣ ಕಲಸಿದ ನಯವಾದ ಹೊಟ್ಟು ಉದುರಿಸಿದ್ದೆ. ಎಳೆ ತೆಳ್ಳಗಿರುವ ಕಡೆ ಅದೇ ಇಣುಕಿ ನೆಲದಂತೆ ಕಾಣುತ್ತದೆ, ಹೊಟ್ಟಿಗೆ ಅದೇ ಸರಿಯಾದ ಕೆಲಸ.

ಖರ್ಚಿನ ವಿಷಯ: ನೈಲಾನ್ ಎಳೆಯೇ ದುಬಾರಿ. ಅಂಟು ಪೂರ್ತಿ ಒಣಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಹಳೇ ಕಾಲುಚೀಲ ಕಟ್ಟಿ ಎಳೆದರೆ ಅಂಟದ ಎಳೆಯೆಲ್ಲಾ ಅದರಲ್ಲಿ ಕೂರುತ್ತದೆ. ಕೊಡವಿ ಮತ್ತೆ ಡಬ್ಬಿಗೆ ಹಾಕಿಕೊಳ್ಳಿ.