ಅಘನಾಶಿನಿಯೋ, ಕೋಡಿಯಕ್ಕರೈಯೋ?

ಜನವರಿಯ ನೀರುಹಕ್ಕಿ ಎಣಿಕೆಗೆ ಸ್ವಯಂಸೇವಕರಾಗಿ ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ.

ಮೊದಲ ಸಲವಾದರೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೇ ಹೋಗಿ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ ಜಾಗ. ಖರ್ಚು ಕಡಿಮೆ, ಭಾಷೆಯ ತೊಂದರೆಯೂ ಇಲ್ಲ. ನೀರಿಳಿಯುವ ಹೊತ್ತಿಗೆ ದಡದಲ್ಲಿರಿ. ಒಂದು ಕಡೆ ಜನ ಬಳಚು (ಚಿಪ್ಪುಮೀನು) ಹೆಕ್ಕುತ್ತಿರುತ್ತಾರೆ, ಇನ್ನೊಂದು ಕಡೆ ಗೊರವ ಹಕ್ಕಿ ತನ್ನ ಬಾಗಿದ ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸುತ್ತದೆ. ಎಷ್ಟು ಚೆಂದ ಅಲ್ವಾ! ಸಾಧಾರಣ ಬೈನಾಕ್ಯುಲರ್ ಸಾಕು.

ತಮಿಳುನಾಡಿನ ಕೋಡಿಯಕ್ಕರೈಗೆ ಬೆಂಗಳೂರಿನಿಂದ ಹೋಗಿಬರಲು ರಜೆ ಜಾಸ್ತಿ ಬೇಕು. ಆದರೆ ರಾಜಹಂಸ (ಫ್ಲೆಮಿಂಗೊ), ಕೃಷ್ಣಮೃಗ ಎರಡೂ ಅಲ್ಲಿವೆ. ಹಕ್ಕಿಗಳ ಹಿಂಡು ದೂರದ ಜೌಗಿನಲ್ಲಿರುವುದರಿಂದ ಟೆಲಿಸ್ಕೋಪ್ ಒಯ್ಯಿರಿ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನ ಅಲ್ಲಿ ಹಲವು ದಶಕಗಳಿಂದ ನಡೆದಿದೆ. ಆ ಕೆಲಸದ ಮೇಲೆ ಆಸೆಯಿದ್ದರೆ ದೂರ ಲೆಕ್ಕಿಸಬೇಡಿ.